ನನ್ನ ಹೆಸರಿನ ಸೂಜಿ

ನನಗೆ ಧೈರ್ಯವಿರಲಿಲ್ಲ. ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ಇದನ್ನು ಬೇರೆ ಹೇಗೆ ಹೇಳಿದರೂ ಸುಳ್ಳಾಗುತ್ತದೆ.

೧೯೪೦ರ ಡಿಸೆಂಬರಿನಲ್ಲಿ ಮಳವಳ್ಳಿಯಲ್ಲಿ ಪ್ಲೇಗು ಇತ್ತು. ಇಲಿ ಬಿದ್ದ ಮನೆಗಳವರು ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದು ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ರಜಕ್ಕೆ ಬಂದವನಿಗೆ ವಾರ್ಡನ್ನರಿಂದ ಕಾಗದ ಬಂತು: ಪ್ಲೇಗಿನ ಸೂಜಿ ಹಾಕಿಸಿಕೊಂಡ ಚೀಟಿ ತಾರದಿದ್ದರೆ ಒಳಗೆ ಸೇರಿಸುವುದಿಲ್ಲ. ಮಾರ್ಚಿನಲ್ಲಿ ಪರೀಕ್ಷೆ.

ಕಾಗದ ಬಂದ ದಿನ ನಮ್ಮ ಮನೆಯ ಮುಂದೆ ನಯಾಜ್ ಪಾಷಾ ಕಲಾಯಿ ಹಾಕುತ್ತಿದ್ದ. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರ ಬಳಿಯುವುದು ಅವನ ಕಸುಬು. ಅದಿಲ್ಲದಿದ್ದರೆ ಹುಣಿಸೆಹುಳಿಗೆ ಕಿಲುಬೇಳುತ್ತದೆ. ಐಯಂಗಾರರ ಬೀದಿ, ಪೇಟೆ ಬೀದಿ, ಸಾಬರ ಬೀದಿ, ಎಲ್ಲ ಕಡೆಯ ಪಾತ್ರೆಯೂ ಅವನಿಗೇ ಬರುತ್ತಿತ್ತು. ಆರು ತಿಂಗಳಿಗೊಮ್ಮೆ ಅಮ್ಮ ಪಾತ್ರೆಗಳನ್ನು ಜಗಲಿಯ ಅಂಚಿಗೆ ತಂದಿಡುವಳು, ಅವನು ಮುಗಿಸಿ ಅಲ್ಲೇ ಇಡುವನು, ಅವಳು ನೀರು ಹೊಯ್ದು ಒಳಗೆ ತೆಗೆದುಕೊಳ್ಳುವಳು. ನಾಲ್ಕನೆಯ ಕ್ಲಾಸಿನವರೆಗೆ ನಾನೂ ಅವನೂ ಒಂದೇ ಬೆಂಚು. ಆಮೇಲೆ ಅವನು ತಿದಿಯ ಮುಂದೆ ಕೂತ, ನಾನು ಓದಿದೆ. ಆಗ ಅವನಿಗೆ ಹತ್ತೊಂಬತ್ತು, ಮದುವೆಯಾಗಿ ಒಂದು ಹೆಣ್ಣು ಮಗು.

"ಲೇ ರಂಗ, ಮೊಕ ಯಾಕ್ಲಾ ಇಂಗ್ ಮಾಡ್ಕಂಡಿದ್ದೀಯ? ಪಿಲೇಗು ಬಂದಿರೋದು ಇಲಿಗೆ ಕಣ್ಲಾ, ನಿಂಗಲ್ಲ."

"ಚೀಟಿ ತಗೊಂಡು ಬಾ ಅಂತ ಬರೆದಿದ್ದಾರೆ ಕಣೋ."

"ಆಕಿಸ್ಕೊ. ನಾನು ಮೊನ್ನೆ ಇಲ್ಲೇ ಆಕಿಸ್ಕಂಡೆ. ಒಂದಿನ ಮೈ ಬಿಸಿ, ಅಷ್ಟೆಯಾ."

"ನನ್ನ ಕೈಲಾಗಲ್ಲ."

ಅವನು ಕಾದ ಪಾತ್ರೆಗೆ ನವಸಾಗರದ ಪುಡಿ ಚೆಲ್ಲಿದ. ಬಿಳಿ ಹೊಗೆ ಎದ್ದಿತು. ಹತ್ತಿಯ ಉಂಡೆಯಿಂದ ತವರವನ್ನು ಒಂದು ಸುತ್ತು ಒರೆಸಿದ. ಪಾತ್ರೆ ಬೆಳ್ಳಿಯ ಹಾಗಾಯಿತು.

"ಎಡಗೈ ಒಂದೇ ನಾನು ಕೊಟ್ಟಿರೋದು," ಅಂದ. "ಬಲಗೈ ಖಾಲಿ ಅದೆ. ನಿನ್ ಎಸ್ರಲ್ಲಿ ಕೊಟ್ಬುಡ್ಲಾ?"

ಅವನು ತಮಾಷೆಗೆ ಅಂದದ್ದು. ನಾನು ನಗಲಿಲ್ಲ. "ಮದ್ದೂರಿನಲ್ಲಿ ನಮ್ಮನ್ನು ಯಾರೂ ಗುರುತಿಸೋದಿಲ್ಲ" ಅಂದೆ.

ಅವನು ಇಕ್ಕಳ ಕೆಳಗಿಟ್ಟು ನನ್ನ ಮುಖ ನೋಡಿದ. "ದಿಟವಾಗಿ ಯೋಳ್ತಿದ್ದೀಯಾ?" ಅಂದ. ಆಮೇಲೆ, "ಊಂ, ನಡಿ. ನೀನು ಓದಿ ಅಮಲ್ದಾರನಾದ್ರೆ ನಮ್ಗೂ ಒಂದು ಕುರ್ಚಿ ಆಕ್ಸು."

ಮರುದಿನ ಬಸ್ಸಿನಲ್ಲಿ ಮದ್ದೂರಿಗೆ ಹೋದೆವು. ಬಸ್ಸು ನಿಲ್ಲುವ ಕಡೆ ಒಂದು ಶೆಡ್ಡು ಹಾಕಿ ಬಂದವರಿಗೆಲ್ಲ ಸೂಜಿ ಹಾಕುತ್ತಿದ್ದರು. ಶೆಡ್ಡಿನ ಹಿಂದಿನ ಓಣಿಯಲ್ಲಿ ಅವನ ಟೋಪಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. "ನಾಮ ಇಟ್ಬುಡ್ಲಾ, ನಂಬ್ತಾರೆ" ಅಂದವನು ಅವನೇ. ನನ್ನ ಚೀಲದಲ್ಲಿದ್ದ ತಿರುಮಣ್ಣನ್ನು ಅಂಗೈಯಲ್ಲಿ ಕಲಸಿ ಅವನ ಹಣೆಗೆ ನಾನೇ ತಿದ್ದಿದೆ. ಚೆನ್ನಾಗಿಯೇ ಕಾಣುತ್ತಿದ್ದ. ನಾನು ಸಾಲಿನ ಆಚೆ ನಿಂತೆ.

"ಹೆಸರು?"

"ಕಸ್ತೂರಿರಂಗ, ಸ್ವಾಮಿ."

"ತಂದೆ?"

"ರಾಮಾನುಜೈಂಗಾರ್ರು."

ಸೂಜಿಯವರು ಹಣೆ ನೋಡಿ ವಿಶ್ವಾಸದಿಂದ, "ಯಾವ ಗೋತ್ರವಪ್ಪ?" ಎಂದರು.

"ಮಳವಳ್ಳಿ ಗೋತ್ರ ಸ್ವಾಮಿ."

ಸಾಲಿನಲ್ಲಿದ್ದವರು ನಕ್ಕರು. ಸೂಜಿಯವರೂ ನಕ್ಕು, "ಇಂಗ್ಲಿಷ್ ಓದಿದರೆ ಹೀಗೇ ಆಗೋದು" ಎಂದು ಎಡತೋಳು ಹಿಡಿದರು. "ಅದು ಯಾಕೋ ನೋಯ್ತದೆ, ಬಲಕ್ಕೆ ಆಕಿ" ಅಂದ ನಯಾಜ. ಹಾಕಿದರು. ಚೀಟಿಯಲ್ಲಿ ನನ್ನ ಹೆಸರು, ನನ್ನ ತಂದೆಯ ಹೆಸರು, ಬಲತೋಳು ಎಂದು ಬರೆದು ಕೊಟ್ಟರು. ಓಣಿಗೆ ಬಂದು ಅವನು ಹಣೆ ಒರೆಸಿಕೊಂಡ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಳವಳ್ಳಿ ಗೋತ್ರದ ಮಾತೇ. ನಾನೂ ನಕ್ಕೆ. ಮೂರು ದಿನಕ್ಕೆ ಮೈಸೂರಿಗೆ ಹೋದೆ.

ಆ ವರ್ಷ ನಮ್ಮ ಬೀದಿಯಲ್ಲಿ ಮೂವರು ಪ್ಲೇಗಿನಲ್ಲಿ ಸತ್ತರು. ಸೂಜಿ ಹಾಕಿಸಿಕೊಂಡವರಲ್ಲಿ ಒಬ್ಬರೂ ಸಾಯಲಿಲ್ಲ. ಇದನ್ನೂ ಹೇಳಬೇಕು.

ಪರೀಕ್ಷೆ ಮುಗಿಸಿ ಏಪ್ರಿಲಿನಲ್ಲಿ ಊರಿಗೆ ಬಂದಾಗ ನಯಾಜನ ಬಲಗೈ ಕುತ್ತಿಗೆಯಿಂದ ಇಳಿಬಿಟ್ಟ ಟವಲಿನಲ್ಲಿತ್ತು. ಮದ್ದೂರಿಗೆ ಹೋಗಿಬಂದ ಒಂಬತ್ತನೆಯ ದಿನ ಶುರುವಾಯಿತಂತೆ. ಹೆಗಲಿನೊಳಗೆ ಕಾದ ಕಬ್ಬಿಣ ತಿರುವಿದ ಹಾಗೆ. ಮಲಗಲು ಆಗದೆ ಗೋಡೆಗೆ ಒರಗಿ ಕೂತೇ ಹದಿನೈದು ದಿನ ಕಳೆದಿದ್ದ, ಬಲಗೈಯನ್ನು ಎಡಗೈಯಿಂದ ಮಗುವಿನ ಹಾಗೆ ಎತ್ತಿ ಹಿಡಿದುಕೊಂಡು. ಉಳುಕು ತೆಗೆಯುವ ಅಂಕಯ್ಯ ಬಂದು ಕಂಕುಳಿಗೆ ಕಾಲು ಕೊಟ್ಟು ಎಳೆದನಂತೆ. ಅದರಿಂದ ಇನ್ನಷ್ಟು ಕೂಗಿದ್ದೇ ಬಂತು. ಆಮೇಲೆ ನೋವು ತಾನಾಗಿ ಇಳಿಯಿತು. ನೋವು ಇಳಿದ ಮೇಲೆ ನೋಡಿದರೆ ಕೈಯೇ ಏಳಲಿಲ್ಲ.

ಅವನ ಹೆಂಡತಿ ಜಾನ್ ಬೀ ಅವನ ಅಂಗಿ ಸರಿಸಿ ಬೆನ್ನು ತೋರಿಸಿದಳು. ಹೆಗಲಿನ ಮಾಂಸ ಇಳಿದುಹೋಗಿ ಮೂಳೆಯ ತುದಿ ಕಾಣುತ್ತಿತ್ತು. ಬೆನ್ನಿನ ಹಲಗೆಮೂಳೆ ಕೋಳಿಯ ರೆಕ್ಕೆಯ ಹಾಗೆ ಹೊರಕ್ಕೆ ಎದ್ದಿತ್ತು.

"ಐನೋರೇ, ಇದು ಏನ್ ಕಾಯ್ಲೆ? ನೀವು ಓದ್ದೋರು," ಅಂದಳು.

ನನಗೆ ಗೊತ್ತಿಲ್ಲ ಅಂದೆ. ಆಗ ನಿಜವಾಗಿ ಗೊತ್ತಿರಲಿಲ್ಲ.

ಅವನು ಕಸುಬು ಬಿಟ್ಟಿರಲಿಲ್ಲ. ಬೀದಿಗೆ ಹೋಗಿ ಒಲೆಗೆ ಗುಂಡಿ ತೋಡಲು ಆಗುತ್ತಿರಲಿಲ್ಲವಾದ್ದರಿಂದ ಜನರೇ ಪಾತ್ರೆಗಳನ್ನು ಅವನ ಮನೆಗೆ ತಂದುಕೊಡುತ್ತಿದ್ದರು. ಜಾನ್ ಬೀ ತಿದಿ ಒತ್ತಿ ಇಕ್ಕಳದಲ್ಲಿ ಪಾತ್ರೆ ಹಿಡಿಯುವಳು, ಅವನು ಎಡಗೈಯಲ್ಲಿ ತವರ ಒರೆಸುವನು. ಉಣ್ಣುವಾಗ ತಟ್ಟೆಯ ಹತ್ತಿರಕ್ಕೆ ತಲೆಯನ್ನೇ ಬಗ್ಗಿಸುವನು. ಅಂಗಿಗೆ ಮೊದಲು ಸತ್ತ ಕೈ ತೂರಿಸಬೇಕು, ಆಮೇಲೆ ಬದುಕಿದ್ದು. ನಮಾಜಿಗೆ ನಿಂತರೆ ಎಡಗೈಯಿಂದ ಬಲಗೈಯನ್ನು ಕಿವಿಯವರೆಗೆ ಎತ್ತಿ ಬಿಡುವನು. ಅದು ತೂಕಡಿಸುವವನ ತಲೆಯ ಹಾಗೆ ಬೀಳುವುದು. ದಿನಾ ಬೆಳಿಗ್ಗೆ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಎಷ್ಟು ಎತ್ತರಕ್ಕೆ ಹೋಯಿತೋ ಅಲ್ಲಿಗೆ ಇದ್ದಲಿನಲ್ಲಿ ಗೆರೆ ಎಳೆಯುತ್ತಿದ್ದ. ಗೆರೆಗಳೆಲ್ಲ ಅವನ ಸೊಂಟದ ಹತ್ತಿರವೇ ಇದ್ದವು.

ಸೈನ್ಯದ ಪಟಾಲಮ್ಮಿನಿಂದ ಬಂದ ಒಬ್ಬ ಡಾಕ್ಟರು ಮಂಡ್ಯದಲ್ಲಿ ಖಾಸಗಿಯಾಗಿ ನೋಡುತ್ತಾರೆಂದು ಕೇಳಿ ಅವನನ್ನು ನಾನೇ ಕರೆದುಕೊಂಡು ಹೋದೆ. ಸಹಾಯ ಮಾಡುತ್ತಿದ್ದೇನೆಂದು ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಡಾಕ್ಟರು ಬಹಳ ಹೊತ್ತು ನೋಡಿದರು. ಗುಂಡುಸೂಜಿಯಿಂದ ತೋಳಿನ ಮೇಲೆಲ್ಲ ಚುಚ್ಚಿದರು. ಹೆಗಲಿನ ಹೊರಭಾಗದಲ್ಲಿ ವೀಳ್ಯದೆಲೆಯಷ್ಟಗಲ ಅವನಿಗೆ ಏನೂ ತಿಳಿಯಲಿಲ್ಲ.

"ನೋವು ಬರುವ ಮುಂಚೆ ಯಾವುದಾದರೂ ಇಂಜೆಕ್ಷನ್ ಹಾಕಿಸಿಕೊಂಡಿದ್ದೆಯಾ?"

"ಊಂ ಸ್ವಾಮಿ, ಪಿಲೇಗಿಂದು."

"ಯಾವ ಕೈಗೆ?"

ನಯಾಜ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಎಡಗೈಗೆ ಸ್ವಾಮಿ." ಜೇಬಿನಿಂದ ಮಳವಳ್ಳಿಯ ಚೀಟಿ ತೆಗೆದು ತೋರಿಸಿದ.

"ಬಲಗೈಗೆ ಯಾವುದೂ ಇಲ್ಲವೆ?"

"ಇಲ್ಲ ಸ್ವಾಮಿ."

ಡಾಕ್ಟರು ತಮ್ಮ ಸಹಾಯಕನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ಸೂಜಿ ಇದೇ ತೋಳಿಗೆ ಬಿದ್ದು ವಾರ ಹತ್ತು ದಿನಕ್ಕೆ ನೋವು ಬಂದಿದ್ದರೆ, ಆ ಮದ್ದಿಗೇ ಹೆಗಲಿನ ನರ ಕೆರಳಿದೆ ಎನ್ನುತ್ತಿದ್ದೆ. ಪಟಾಲಮ್ಮಿನಲ್ಲಿ ಅಂಥ ಇಬ್ಬರನ್ನು ನೋಡಿದ್ದೇನೆ, ಒಂದೆರಡು ವರ್ಷಕ್ಕೆ ತಾವಾಗಿಯೇ ಸುಧಾರಿಸಿಕೊಂಡರು. ಇವನಿಗೆ ಹಾಕಿದ್ದು ಇನ್ನೊಂದು ಕೈಗೆ. ಸ್ಪರ್ಶವೂ ಹೋಗಿದೆ. ಕುಷ್ಠ ಎಂದೇ ಹಿಡಿಯಬೇಕು.

ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಇಂಗ್ಲಿಷ್ ಬಾರದವನು ನಯಾಜ ಒಬ್ಬನೇ. ನನಗೆ ಪ್ರತಿ ಮಾತೂ ಅರ್ಥವಾಯಿತು. ಬಾಯಿ ಬಿಟ್ಟರೆ ಸುಳ್ಳು ಚೀಟಿಯ ಸಂಗತಿ ಹೊರಬೀಳುತ್ತದೆ, ಕಾಲೇಜಿನವರು ನನ್ನ ಪರೀಕ್ಷೆ ರದ್ದು ಮಾಡುತ್ತಾರೆ, ಬಿ.ಎ. ಇಲ್ಲ. ಇಷ್ಟು ಯೋಚಿಸಲು ಸಮಯವಿತ್ತು. ಡಾಕ್ಟರು ಕೈ ತೊಳೆಯುತ್ತಿದ್ದರು. 

ಅವರು ಕನ್ನಡದಲ್ಲಿ ನಯಾಜನಿಗೆ ಮೆತ್ತಗೆ ಹೇಳಿದರು: ಸಂಶಯವಿದೆ, ಗಾಬರಿ ಬೇಡ, ಬೇರೆ ತಟ್ಟೆ, ಬೇರೆ ಹಾಸಿಗೆ, ಮಗುವನ್ನು ಮುಟ್ಟಬೇಡ, ವಾರಕ್ಕೊಮ್ಮೆ ಗರುಡಫಲದ ಎಣ್ಣೆಯ ಸೂಜಿ. ಮಳವಳ್ಳಿಯ ಕಾಂಪೌಂಡರಿಗೆ ಕೊಡಲು ಒಂದು ಕಾಗದ ಬರೆದು ನನ್ನ ಕೈಗೆ ಕೊಟ್ಟರು.

ರೈಲಿನಲ್ಲಿ ನಯಾಜ ಕಿಟಕಿಯ ಕಡೆ ನೋಡುತ್ತಿದ್ದ. ಮದ್ದೂರು ಹತ್ತಿರ ಬಂದಾಗ ಕೇಳಿದ.

"ಇಂಗ್ಲೀಸ್ನಲ್ಲಿ ಏನಂದ್ರ್ಲಾ?"

"ಏನಿಲ್ಲ. ಇದೇ."

"ಆ ಮದ್ದೂರಿನ ಸೂಜಿ ಇಸ್ಯ ಯೋಳ್ಬೇಕಿತ್ತಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಕಣೋ."

"ಅಂಗಾರೆ ಬುಡು," ಅಂದ. "ನಿನ್ ಓದು ಆಳಾಗ್ಬಾರ್ದು."

ಕಾಗದವನ್ನು ನಾನೇ ಕಾಂಪೌಂಡರ್ ಮರಿಸಿದ್ದಯ್ಯನವರಿಗೆ ಕೊಟ್ಟೆ. ಅವರು ಯಾರಿಗೂ ಹೇಳಲಿಲ್ಲ ಅನ್ನುತ್ತಾರೆ. ಹೇಳುವ ಅಗತ್ಯವೂ ಇರಲಿಲ್ಲ. ಗರುಡಫಲದ ಎಣ್ಣೆ ಕೊಡುವುದು ಕುಷ್ಠಕ್ಕೆ ಎಂಬುದು ಊರಿಗೆಲ್ಲ ಗೊತ್ತು, ಪ್ರತಿ ಶುಕ್ರವಾರ ನಯಾಜ ಅವರ ಜಗಲಿಯಲ್ಲಿ ಕೂತಿರುವುದೂ ಊರಿಗೆಲ್ಲ ಕಾಣುತ್ತಿತ್ತು. ಬೇರೆ ಕಸುಬಿನವನಾಗಿದ್ದರೆ ಹೇಗೋ ಏನೋ. ಇವನ ಕೈ ಓಡಾಡುವುದು ಅನ್ನದ ಪಾತ್ರೆಯ ಒಳಗೆ.

ಎರಡನೆಯ ವಾರಕ್ಕೆ ಅಮ್ಮ ನನ್ನನ್ನು ಕರೆದಳು. "ನಮ್ಮ ಹುಳಿಯ ಪಾತ್ರೆ, ದೊಡ್ಡ ತಪ್ಪಲೆ ಅವನ ಮನೆಯಲ್ಲಿವೆ. ಹೇಗಿವೆಯೋ ಹಾಗೇ ತಗೊಂಡು ಬಾ."

"ಅಮ್ಮ, ಡಾಕ್ಟರು ಸಂಶಯ ಅಂದಿದ್ದಾರೆ, ಅಷ್ಟೆ."

"ಸಂಶಯದ ಪಾತ್ರೆಯಲ್ಲಿ ಪೆರುಮಾಳಿಗೆ ನೈವೇದ್ಯ ಮಾಡಲೇನೋ? ಹೋಗು. ಮದ್ದೂರಿನ ಕಲಾಯಿಯವನು ಬರುತ್ತಾನೆ."

ಹೋದೆ. ಅವನ ಮನೆಯ ಅಂಗಳದಲ್ಲಿ ಪಾತ್ರೆಗಳನ್ನು ವಾಪಸು ಕೊಂಡೊಯ್ಯಲು ಬಂದ ಇನ್ನೂ ಇಬ್ಬರಿದ್ದರು. ಒಬ್ಬಳು ಮಂಗಳಮ್ಮ, ಪೇಟೆ ಬೀದಿಯವಳು. ತನ್ನ ಕೊಡವನ್ನು ಸೆರಗಿನಿಂದ ಹಿಡಿದು ಎತ್ತಿಕೊಂಡಳು. ಜಾನ್ ಬೀ ನಮ್ಮ ತಪ್ಪಲೆಯನ್ನು ನನ್ನ ಮುಂದೆ ಇಟ್ಟು ಹೇಳಿದಳು:

"ನೀವಾದ್ರೂ ಒಂದ್ ಮಾತು ಯೋಳಿ ಐನೋರೇ. ನೀವು ಡಾಕ್ಟ್ರು ತಾವ ಇದ್ರಿ. ಅವ್ರು ಖಂಡಿತ ಅಂದ್ರಾ?"

"ಖಂಡಿತ ಅನ್ನಲಿಲ್ಲ."

"ಅದ್ನೇ ಬೀದೀಲಿ ನಿಂತ್ಕಂಡು ಯೋಳಿ."

ನಾನು ತಪ್ಪಲೆ ಎತ್ತಿಕೊಂಡು ಬಂದೆ.

ದಸರಾ ರಜಕ್ಕೆ ಬಂದಾಗ ಅವನ ಮನೆಯ ಮುಂದೆ ಒಂದು ಚಾಪೆ ಇತ್ತು. ಅವನು ಮಲಗುವುದು, ಉಣ್ಣುವುದು ಎಲ್ಲ ಅದರ ಮೇಲೆ. ಮಗಳು ಬಿಬಿ ಜಾನ್‌ಗೆ ಆಗ ಎರಡು ತುಂಬಿತ್ತು. ಹೊಸಲಿನ ಒಳಗೆ ನಿಂತು "ಅಬ್ಬಾ" ಎಂದು ಕೂಗುವಳು, ಈಚೆ ಬರುತ್ತಿರಲಿಲ್ಲ. ಬಂದಾಗಲೆಲ್ಲ ಏಟು ಕೊಟ್ಟು ಕಲಿಸಿದ್ದರು. ಏಟು ಕೊಟ್ಟವನು ನಯಾಜನೇ. ದೂರದಿಂದ, ಒಂದು ಹಂಚಿಕಡ್ಡಿಯಲ್ಲಿ.

ನಾನು ಪಾಸಾಗಿ ಬಿ.ಎ.ಗೆ ಸೇರಿದ್ದೆ. ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು ಸತ್ಯದ ಬಗ್ಗೆ, ಸಮಾಜದ ಬಗ್ಗೆ ದಪ್ಪ ದಪ್ಪ ಪುಸ್ತಕ ಓದುತ್ತಿದ್ದೆ. ಕೆಲವನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡೆ. ಡಾಕ್ಟರಿಗೆ ಒಂದು ಕಾರ್ಡು ಬರೆಯಲು ಮೂರು ಸಲ ಕೂತೆ. ಮೂರು ಸಲವೂ ನನ್ನ ಹೆಸರು ಬರೆಯುವ ಜಾಗಕ್ಕೆ ಬಂದಾಗ ನಿಲ್ಲಿಸಿದೆ. ಹೆಸರಿಲ್ಲದೆಯೂ ಬರೆಯಬಹುದಿತ್ತು.

೧೯೪೨ರ ಮಾರ್ಚಿನ ಕೊನೆಗೆ ಊರಿಗೆ ಬಂದೆ. ನಯಾಜ ಬೀದಿಯ ತುದಿಯಲ್ಲೇ ನನ್ನನ್ನು ಕಂಡು ಕೂಗಿದ.

"ಲೇ ರಂಗ, ಬಾ ಇಲ್ಲಿ. ನೋಡ್ಲಾ ಇದ."

ಬಲಗೈಯನ್ನು ಟವಲಿಲ್ಲದೆ, ಎಡಗೈಯ ಆಸರೆಯಿಲ್ಲದೆ ಎದೆಯ ಮಟ್ಟಕ್ಕೆ ಎತ್ತಿದ. ನಡುಗುತ್ತಿತ್ತು, ಆದರೆ ನಿಂತಿತು. ಮನೆಯ ಮುಂದಕ್ಕೆ ಕರೆದು ಹೊರಗೋಡೆಯ ಗೆರೆಗಳನ್ನು ತೋರಿಸಿದ. ಅವು ಎದೆಯ ಎತ್ತರ ದಾಟಿದ್ದವು.

"ಇದ್ ಯೋಳು ನಂಗೆ," ಅಂದ. "ಆ ಕಾಯ್ಲೆಯೋರ್ದು ದಿನಾ ಓಗ್ತಾನೇ ಇರ್ತದೆ ಅಂತಾರೆ. ಬೆಳ್ಳು ಓಯ್ತದೆ, ಕಿವಿ ಓಯ್ತದೆ. ನಂದು ವಾಪಸ್ ಬತ್ತಾ ಅದೆ. ಮರಿಸಿದ್ದಯ್ಯ ಎಣ್ಣೆ ಸೂಜಿಯಿಂದ ಅಂತಾರೆ. ನೀನು ಓದ್ದವ್ನು. ಏನ್ಲಾ ಇದು?"

ಬಿಬಿ ಜಾನ್ ಹೊಸಲಿನ ಒಳಗೆ ನಿಂತಿದ್ದಳು. ನಯಾಜ ಒಂದು ಹೆಜ್ಜೆ ಮುಂದೆ ಬಂದ. ಅವಳು ಸರಿಯಾಗಿ ಅಷ್ಟೇ ಹಿಂದೆ ಸರಿದಳು, ಯಾರೂ ಹೇಳದೆ.

ಆಗ ಹೇಳಿದೆ. ಡಾಕ್ಟರು ಇಂಗ್ಲಿಷಿನಲ್ಲಿ ಏನು ಹೇಳಿದರು ಎಂಬುದನ್ನು ಪೂರ್ತಿ ಹೇಳಿದೆ. ಬಲತೋಳು ಎಂದಿದ್ದರೆ ಕುಷ್ಠ ಅನ್ನುತ್ತಿರಲಿಲ್ಲ ಎಂದೆ.

ನಯಾಜ ಮೊದಲು ಅರ್ಥವಾಗದವನ ಹಾಗೆ ನೋಡಿದ.

"ಯಾವಾಗ ಗೊತ್ತಾಯ್ತು ನಿಂಗೆ?"

"ಆವತ್ತೇ."

"ಆವತ್ತೇನಾ? ಅಲ್ಲೇನಾ?"

"ಹೂಂ."

"ರೈಲ್ನಲ್ಲಿ ನಾನು ಕೇಳ್ದಾಗ?"

"ಗೊತ್ತಿತ್ತು."

ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದ. ಒಂದು ವರ್ಷದಿಂದ ಎರಡು ಕೈಯ ಕೆಲಸ ಮಾಡಿದ ಕೈ. ನಾನು ಗೋಡೆಗೆ ಹೋಗಿ ಬಿದ್ದೆ. ಜಾನ್ ಬೀ ಓಡಿಬಂದಳು. ಅವನು ಅವಳಿಗೆ ಉರ್ದುವಿನಲ್ಲಿ ನಾಲ್ಕು ಮಾತು ಹೇಳಿದ. ಅವಳು ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ಅವನ ಬೇರೆ ತಟ್ಟೆಯನ್ನು ತಂದು ಬೀದಿಗೆ ಎಸೆದಳು.

"ಏಳ್ಲಾ ಮೇಲೆ," ಅಂದ ನಯಾಜ. "ಮಂಡ್ಯಕ್ಕೆ ನಡಿ. ನಿನ್ ಬಾಯಲ್ಲೇ ಯೋಳ್ಬೇಕು."

ಡಾಕ್ಟರ ಮುಂದೆ ನನ್ನ ಬಾಯಿಂದಲೇ ಹೇಳಿದೆ. ಅವರು ಕೈಯನ್ನು ಎತ್ತಿಸಿ, ಇಳಿಸಿ, ಚುಚ್ಚಿ ನೋಡಿದರು. ಮರಗಟ್ಟಿದ ಜಾಗ ಎಂಟಾಣೆ ಬಿಲ್ಲೆಯಷ್ಟಕ್ಕೆ ಇಳಿದಿತ್ತು. ಕುಷ್ಠವಲ್ಲ ಎಂದರು. ಆ ಎರಡನೆಯ ಸೂಜಿಯಿಂದಲೇ ಆಯಿತೇ ಎಂದು ನಯಾಜ ಕೇಳಿದ.

"ಇರಬಹುದು. ಸೂಜಿಯೇ ಇಲ್ಲದೆಯೂ ಹೀಗೆ ಆದವರಿದ್ದಾರೆ. ನನಗೆ ಗೊತ್ತಿಲ್ಲಪ್ಪ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸೂಜಿ ಏನು ಮಾಡಿತೋ ಹೇಳಲಾರೆ. ನೀನು ಏನು ಮಾಡಿದೆ ಅನ್ನೋದು ಹೇಳಬಲ್ಲೆ. ಆವತ್ತು ನಿನಗೆ ಬಾಯಿ ಇರಲಿಲ್ಲವೇನಯ್ಯ?"

ಕಾಲೇಜಿಗೆ ಬರೆಯುತ್ತಾರೇನೋ ಎಂದು ಆಗಲೂ ಹೆದರಿದೆ. ಅವರು ಬರೆಯಲಿಲ್ಲ. ನಯಾಜ್ ಪಾಷಾನಿಗೆ ಯಾವ ಅಂಟುರೋಗವೂ ಇಲ್ಲ ಎಂದು ಕನ್ನಡದಲ್ಲಿ ಕಾಗದ ಬರೆದು, ಮೊಹರು ಹಾಕಿ ಕೊಟ್ಟರು.

ಆ ಕಾಗದವನ್ನು ನಾನು ಮಳವಳ್ಳಿಯಲ್ಲಿ ಮನೆ ಮನೆಗೆ ಹೋಗಿ ಓದಿದೆ. ಎಲ್ಲರೂ ಕೇಳಿದರು. "ಅಲ್ವಂತಾ? ಪಾಪ, ಒಳ್ಳೇದಾಯ್ತು ಬುಡಿ," ಅಂದಳು ಮಂಗಳಮ್ಮ. "ಮದ್ದೂರಿನವ್ನಿಗೆ ಕೊಟ್ಬುಟ್ಟಿದ್ದೀನಲ್ಲ ಈಗ, ಏನ್ ಮಾಡಾದು?" ಯಾರೂ ಜಗಳವಾಡಲಿಲ್ಲ. ಆಗ ಯಾರೂ ಪಾತ್ರೆ ಕೊಡಲೂ ಇಲ್ಲ.

ಕೊನೆಗೆ ಅಮ್ಮನಿಗೆ ಓದಿದೆ. ಅವಳು, "ಕಾಗದ ಸರಿ. ಪಾತ್ರೆ ಬೇಡ," ಅಂದಳು. ಆಗ ಅವಳಿಗೆ ಎಲ್ಲ ಹೇಳಿದೆ: ಸೂಜಿ, ಓಣಿ, ಚೀಟಿ, ಡಾಕ್ಟರು. ನಮ್ಮಮ್ಮ ಗೋದಮ್ಮ ಎಂದರೆ ಬೀದಿಯೇ ಹೆದರುವ ಹೆಂಗಸು. ಬೈಯುತ್ತಾಳೆಂದು ಕಾದೆ.

"ಅವನ ಹಣೆಗೆ ನಾಮ ಇಟ್ಟೆಯಾ?" ಎಂದು ಮೊದಲು ಕೇಳಿದಳು.

"ಇಟ್ಟೆ."

ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿದಳು. "ಅವನು ನಿನ್ನ ಬದಲು ಚುಚ್ಚಿಸಿಕೊಂಡ ಅಂದ ಹಾಗಾಯಿತು."

"ಹೂಂ."

"ಇದನ್ನು ಇನ್ನು ಯಾರ ಹತ್ತಿರವೂ ಬಾಯಿ ಬಿಡಬೇಡ. ನಿನಗೆ ನೋಡಿರುವ ಹುಡುಗಿ ಆಂಡಾಳು ಮನೆಯವರು ಶ್ರಾವಣಕ್ಕೆ ಜಾತಕ ತರುತ್ತಾರೆ."

ಬೀದಿಗೆ ಹೋಗಿ ಇದನ್ನೇ ಹೇಳಿದ್ದರೆ, ನನ್ನ ತಪ್ಪು ಎಂದು ಗೊತ್ತಾಗಿದ್ದರೆ, ಹತ್ತು ಮನೆಯಾದರೂ ಅವನ ಕಡೆ ತಿರುಗುತ್ತಿದ್ದವು. ಡಾಕ್ಟರ ಕಾಗದವನ್ನು ಜನ ನಂಬದಿರಬಹುದು. ಐಯಂಗಾರರ ಹುಡುಗನ ಮಾನ ಹೋದ ಕಥೆಯನ್ನು ನಂಬದೆ ಇರುತ್ತಿರಲಿಲ್ಲ. ನಾನು ಅಮ್ಮನ ಮಾತು ಕೇಳಿದೆ. ಶ್ರಾವಣದಲ್ಲಿ ಜಾತಕ ಬಂತು, ಕೂಡಿತು.

ಈಗ ನಾನು ಮಂಡ್ಯದಲ್ಲಿ ಮೇಷ್ಟ್ರು. ನಯಾಜ ಸೀಮೆಎಣ್ಣೆಯ ಡಬ್ಬಗಳನ್ನು ಕತ್ತರಿಸಿ ದೀಪದ ಬುಡ್ಡಿ ಮಾಡಿ ಸಂತೆಯಲ್ಲಿ ಮಾರುತ್ತಾನೆ. ಅದರಲ್ಲಿ ಯಾರೂ ಅನ್ನ ಬೇಯಿಸುವುದಿಲ್ಲ. ನನ್ನನ್ನು ಕಂಡರೆ ಮಾತಾಡಿಸುತ್ತಾನೆ. "ಏನ್ ಮೇಷ್ಟ್ರೇ" ಅನ್ನುತ್ತಾನೆ. ಲೇ ಅನ್ನುವುದಿಲ್ಲ.

ಅವನ ಬಲಗೈ ಕಿವಿಯ ಮಟ್ಟಕ್ಕೆ ಏಳುತ್ತದೆ, ತಲೆಯ ಮೇಲಕ್ಕೆ ಏಳುವುದಿಲ್ಲ. ಅವನು ಸುಮ್ಮಸುಮ್ಮನೆ ಹಾಕಿಸಿಕೊಂಡ ಎಣ್ಣೆಯ ಸೂಜಿ ನಲವತ್ತನಾಲ್ಕು. ಮಗಳನ್ನು ಎತ್ತಿಕೊಳ್ಳದೆ ಕಳೆದ ತಿಂಗಳು ಹನ್ನೊಂದು. ಅವನು ಕಲಾಯಿ ಹಾಕುತ್ತಿದ್ದ ಮನೆಗಳು ಐವತ್ತೆರಡು. ಆಮೇಲೆ ಎಂದೋ ತಿರುಗಿ ಬಂದವು ನಾಲ್ಕು. ಹೋದವು ನಲವತ್ತೆಂಟು, ನಮ್ಮದೂ ಸೇರಿ.